ಸಿಗರೇಟು ಬಿಟ್ಟಾಯಿತು, ಇನ್ನು ಮುಂದೆ? ಚಪಲವನ್ನೂ ಮತ್ತೆ ಹತ್ತೀತೆಂಬ ಭಯವನ್ನೂ ದಾಟುವ ಬಗೆ

ಸಿಗರೇಟು ಬಿಡಿ ಅಂತ ಹೇಳುವವರಿಗೆ ನಮ್ಮಲ್ಲಿ ಬರವಿಲ್ಲ. ಬಿಟ್ಟ ಮೂರನೇ ವಾರ ಸಕಲೇಶಪುರದಲ್ಲಿ ಮಳೆ ಹಿಡಿದುಕೊಂಡಿರುವಾಗ, ಹೋಟೆಲಿನ ಶೀಟಿನಡಿ ನಿಂತು ಬಲಗೈಯಲ್ಲಿ ಬೈಟು ಕಾಫಿ ಹಿಡಿದ ಮನುಷ್ಯ ಎಡಗೈಯನ್ನು ಏನು ಮಾಡಬೇಕು ಅಂತ ಹೇಳುವವರು ಮಾತ್ರ ಸಿಗುವುದಿಲ್ಲ.

ಹಾಸನ, ಚಿಕ್ಕಮಗಳೂರು ಕಡೆಯವರನ್ನೇ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಸಿಗರೇಟು ಬಿಟ್ಟವರಿಗೆ ಎಂದು ಬರುವ ಸಲಹೆಗಳಲ್ಲಿ ಹೆಚ್ಚಿನವು ಎ.ಸಿ. ಆಫೀಸಿನಲ್ಲಿ ಕೂತು ಕೆಲಸ ಮಾಡುವವರಿಗೆ ಬರೆದಂತಿರುತ್ತವೆ. ಕುಯ್ಲಿನ ಕಾಲದಲ್ಲಿ ಕಣದಲ್ಲಿ ನಿಂತವರಿಗೆ, ಶಿರಾಡಿ ಘಾಟಿಯಲ್ಲಿ ಲಾರಿ ಸಾಲಿಗೆ ಸಿಕ್ಕಿಕೊಂಡವರಿಗೆ, ಆನೆ ಬಂತೆಂದು ರಾತ್ರಿ ಗದ್ದೆ ಕಾಯುವವರಿಗೆ ಅವು ಒಗ್ಗುವುದಿಲ್ಲ. ನಾನೂ ಸೇದಿ ಬಿಟ್ಟವನೇ. ಕೆಲಸಕ್ಕೆ ಬಂದಷ್ಟನ್ನು ಹೇಳುತ್ತೇನೆ.

ಮೊದಲು ದೇಹದ ಲೆಕ್ಕ ತಿಳಿದುಕೊಳ್ಳಿ

ಭಯ ಅರ್ಧಕ್ಕರ್ಧ ಹುಟ್ಟುವುದು ಲೆಕ್ಕ ಗೊತ್ತಿಲ್ಲದ್ದರಿಂದ. ರಕ್ತದಲ್ಲಿರುವ ನಿಕೋಟಿನ್ ಸುಮಾರು 2 ಗಂಟೆಗೊಮ್ಮೆ ಅರ್ಧಕ್ಕೆ ಇಳಿಯುತ್ತದೆ. ಕೊನೆಯ ಸಿಗರೇಟಿನಿಂದ ಎರಡು ಮೂರು ದಿನ ಕಳೆದರೆ ಮೈಯಲ್ಲಿ ಅದು ಉಳಿದಿರುವುದಿಲ್ಲ ಎಂದೇ ಹೇಳಬಹುದು. ಸಿಡುಕು, ನಿದ್ದೆಗೇಡು, ತಲೆಭಾರ, ಯಾವುದರಲ್ಲೂ ಗಮನ ನಿಲ್ಲದಿರುವುದು ಇವೆಲ್ಲ ಮೊದಲ ವಾರದಲ್ಲಿ ಅತಿ ಜೋರು. ಎರಡರಿಂದ ನಾಲ್ಕು ವಾರದೊಳಗೆ ಬಹುಪಾಲು ಜನರಿಗೆ ಇಳಿದುಬಿಡುತ್ತವೆ. ಕೆಮ್ಮು ಮಾತ್ರ ಕೆಲವರಿಗೆ ಬಿಟ್ಟ ಮೇಲೆ ಹೆಚ್ಚಾಗುತ್ತದೆ. ಶ್ವಾಸನಾಳದ ಒಳಗಿನ ಸಣ್ಣ ರೋಮಗಳು ಮತ್ತೆ ಚುರುಕಾಗಿ ಹಳೆಯ ಕಫವನ್ನು ಮೇಲಕ್ಕೆ ತಳ್ಳುವುದರಿಂದ ಹಾಗಾಗುತ್ತದೆ. ‘ಸೇದುವಾಗ ಇಲ್ಲದ ಕೆಮ್ಮು ಬಿಟ್ಟ ಮೇಲೆ ಬಂತಲ್ಲ’ ಎಂದು ಹೆದರಿ ಮತ್ತೆ ಹಚ್ಚಿದವರು ನಮ್ಮೂರಲ್ಲೇ ಇದ್ದಾರೆ. ಕಫದಲ್ಲಿ ರಕ್ತ ಕಂಡರೆ, ಅಥವಾ ಕೆಮ್ಮು ಹಲವು ವಾರ ನಿಲ್ಲದಿದ್ದರೆ ವೈದ್ಯರಿಗೆ ತೋರಿಸಿ. ಉಳಿದಂತೆ ಅದು ತಾನಾಗಿ ಇಳಿಯುತ್ತದೆ.

ಹಾಗಾದರೆ ಮೂರನೇ ತಿಂಗಳಲ್ಲಿ ಇದ್ದಕ್ಕಿದ್ದಂತೆ ಸೇದಬೇಕು ಅನ್ನಿಸುವುದೇಕೆ? ಅದು ಹೊತ್ತಿನ ನೆನಪು, ಜಾಗದ ನೆನಪು. ದಿನಾ ಒಂದೇ ಹೊತ್ತಿಗೆ ಬಾಗಿಲಿಗೆ ಬರುವ ಬೀದಿ ಹಸುವನ್ನು ನೋಡಿದ್ದೀರಲ್ಲ. ಮುಸುರೆ ಇಡುವುದನ್ನು ನಿಲ್ಲಿಸಿದರೂ ಅದು ಕೆಲವು ದಿನ ಅದೇ ಹೊತ್ತಿಗೆ ಬಂದು ನಿಲ್ಲುತ್ತದೆ, ಗೇಟನ್ನೂ ಗುದ್ದುತ್ತದೆ. ಏನೂ ಸಿಗದಿದ್ದರೆ ಬರುವುದು ಕಡಿಮೆ ಮಾಡುತ್ತದೆ. ನಡುವೆ ಒಂದು ದಿನ ಅಯ್ಯೋ ಪಾಪ ಎಂದು ಒಂದು ಬಾಳೆಹಣ್ಣಿನ ಸಿಪ್ಪೆ ಹಾಕಿದಿರೋ, ಮಾರನೇ ದಿನ ಹಾಜರು. ಚಪಲದ ಸ್ವಭಾವವೂ ಇದೇ. ಒಂದೊಂದು ಸಲ ಅದು ಜೋರಾಗಿ ಇರುವುದು ಸಾಮಾನ್ಯವಾಗಿ ಕೆಲವೇ ನಿಮಿಷ. ಸೇದಿದರೂ ಹೋಗುತ್ತದೆ, ಸೇದದಿದ್ದರೂ ಹೋಗುತ್ತದೆ.

ಆದ್ದರಿಂದ ಚಪಲ ಬಂದ ಮಾತ್ರಕ್ಕೆ ನೀವು ಸೋತಿರಿ ಎಂದಲ್ಲ. ಇದನ್ನು ಮೊದಲೇ ಹೇಳುತ್ತಿದ್ದೇನೆ, ಏಕೆಂದರೆ ‘ಇಷ್ಟು ದಿನ ಆದ ಮೇಲೂ ಆಸೆ ಬರುತ್ತಿದೆ ಅಂದರೆ ನನ್ನ ಕೈಲಿ ಆಗಲ್ಲ’ ಎಂಬ ಲೆಕ್ಕಾಚಾರದಲ್ಲೇ ಬಹಳ ಜನ ಅಂಗಡಿ ಕಡೆ ಹೆಜ್ಜೆ ಹಾಕುವುದು.

ಕಾಫಿಯನ್ನು ಅರ್ಧಕ್ಕೆ ಇಳಿಸಿ

ಕಾಫಿ ಸೀಮೆಯಲ್ಲಿ ಕೂತು ಈ ಮಾತು ಹೇಳುವುದು ಕಷ್ಟವೇ. ಆದರೆ ಈ ಬರಹದಲ್ಲಿ ಒಂದನ್ನು ಮಾತ್ರ ಪಾಲಿಸುವುದಿದ್ದರೆ ಇದನ್ನು ಪಾಲಿಸಿ ಎನ್ನುತ್ತೇನೆ.

ಕಾಫಿಯಲ್ಲಿರುವ ಕೆಫೀನನ್ನು ಒಡೆದು ಹೊರಹಾಕುವುದು ಯಕೃತ್ತಿನ ಸಿವೈಪಿ-1ಎ-2 ಎಂಬ ಕಿಣ್ವ. ಸಿಗರೇಟು, ಬೀಡಿ ಹೊಗೆಯಲ್ಲಿನ ಟಾರು ಈ ಕಿಣ್ವವನ್ನು ಕೆರಳಿಸಿ ಅತಿ ವೇಗವಾಗಿ ಕೆಲಸ ಮಾಡಿಸುತ್ತದೆ. ಅದಕ್ಕೇ ಸೇದುವವರಿಗೆ ಎಷ್ಟು ಲೋಟ ಕುಡಿದರೂ ಏರುವುದಿಲ್ಲ, ರಾತ್ರಿ 9ಕ್ಕೆ ಸ್ಟ್ರಾಂಗ್ ಕುಡಿದು 10ಕ್ಕೆ ಗೊರಕೆ ಹೊಡೆಯುತ್ತಾರೆ. ಹೊಗೆ ನಿಂತ ಕೆಲವೇ ದಿನಗಳಲ್ಲಿ ಆ ಕಿಣ್ವ ಸಹಜ ವೇಗಕ್ಕೆ ಬರುತ್ತದೆ. ನೀವು ಮೊದಲಿನಷ್ಟೇ ಕಾಫಿ ಕುಡಿಯುತ್ತಿದ್ದರೆ ರಕ್ತದಲ್ಲಿ ಕೆಫೀನ್ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಎದೆ ಡವಡವ, ಕೈ ನಡುಕ, ಸಿಡಿಮಿಡಿ, ರಾತ್ರಿಯೆಲ್ಲ ಹೊರಳಾಟ. ಇವೆಲ್ಲ ಸಿಗರೇಟು ಬಿಟ್ಟದ್ದರಿಂದ ಆಗುತ್ತಿದೆ ಎಂದೇ ನೀವು ತಿಳಿಯುತ್ತೀರಿ. ‘ಒಂದು ಎಳೆದರೆ ಸರಿಹೋಗುತ್ತೆ’ ಅನ್ನಿಸುತ್ತದೆ. ಆ ಹೊತ್ತಿನಲ್ಲಿ ಸರಿಮಾಡಬೇಕಿರುವುದು ಲೋಟವನ್ನು.

ಮಾಡಬೇಕಾದದ್ದು ಇಷ್ಟು. ದಿನಕ್ಕೆ ಆರು ಲೋಟ ಕುಡಿಯುತ್ತಿದ್ದವರು ಮೊದಲ ತಿಂಗಳು ಮೂರಕ್ಕೆ ಇಳಿಸಿ. ಪೂರ್ತಿ ಬಿಡುವ ಸಾಹಸ ಬೇಡ. ಕಾಫಿ ಒಮ್ಮೆಲೇ ನಿಂತರೆ ಅದರದ್ದೇ ತಲೆನೋವು ಬರುತ್ತದೆ, ಎರಡು ಜಗಳವನ್ನು ಒಟ್ಟಿಗೆ ಮೈಮೇಲೆ ಹಾಕಿಕೊಳ್ಳಬಾರದು. ಮಧ್ಯಾಹ್ನ 3ರ ಮೇಲೆ ಕುಡಿಯಬೇಡಿ. ಮನೆ ಪುಡಿ ರೊಬಸ್ಟಾ ಆಗಿದ್ದರೆ ಅದರಲ್ಲಿ ಅರೇಬಿಕಾದ ಹತ್ತಿರ ಹತ್ತಿರ ಎರಡರಷ್ಟು ಕೆಫೀನ್ ಇರುತ್ತದೆ ಎಂಬುದು ನೆನಪಿರಲಿ. ಚಿಕೋರಿಯಲ್ಲಿ ಕೆಫೀನ್ ಇಲ್ಲವೇ ಇಲ್ಲ. ಚಿಕೋರಿ ಬೆರೆತ ಪುಡಿಯನ್ನು ಕಂಡರೆ ಮೂಗು ಮುರಿಯುವ ಪ್ಲಾಂಟರುಗಳು ನಮ್ಮಲ್ಲಿ ತುಂಬ ಜನ, ಆದರೂ ಒಂದೆರಡು ತಿಂಗಳ ಮಟ್ಟಿಗೆ ಚಿಕೋರಿ ಹೆಚ್ಚಿರುವ ಪುಡಿ ತಂದಿಟ್ಟುಕೊಂಡರೆ ಮಾನವೇನೂ ಹೋಗುವುದಿಲ್ಲ.

ಕಾಫಿ ಕುಡಿಯುವ ರೀತಿಯನ್ನೂ ಬದಲಿಸಿ. ನಿಂತು ಕುಡಿಯುತ್ತಿದ್ದರೆ ಕೂತು ಕುಡಿಯಿರಿ. ಅಂಗಡಿ ಮುಂದೆ ಕುಡಿಯುತ್ತಿದ್ದರೆ ಹೋಟೆಲಿನ ಒಳಗೆ ಹೋಗಿ, ಜೊತೆಗೆ ಒಂದು ವಡೆಯನ್ನೋ ಬನ್ನನ್ನೋ ತೆಗೆದುಕೊಳ್ಳಿ, ಎಡಗೈಗೂ ಕೆಲಸ ಸಿಗುತ್ತದೆ. ಮನೆಯಲ್ಲಾದರೆ ಬೆಳಗಿನ ಮೊದಲ ಲೋಟವನ್ನು ಜಗಲಿಗೆ ಒಯ್ಯಬೇಡಿ, ಅಡುಗೆಮನೆಯಲ್ಲೇ ಕುಡಿದು ಲೋಟ ತೊಳೆದಿಟ್ಟು ಬನ್ನಿ.

ಇದೇ ಕಿಣ್ವದ ಕಾರಣಕ್ಕೆ ಇನ್ನೊಂದು ಎಚ್ಚರಿಕೆ. ಉಬ್ಬಸಕ್ಕೆ ಥಿಯೋಫಿಲಿನ್ ಮಾತ್ರೆ, ಮನೋರೋಗಕ್ಕೆ ಕ್ಲೋಜಪಿನ್ ಅಥವಾ ಒಲಾಂಜಪಿನ್ ತೆಗೆದುಕೊಳ್ಳುವವರು ಹೊಗೆ ನಿಲ್ಲಿಸಿದ ಮೇಲೆ ಆ ಔಷಧದ ಮಟ್ಟವೂ ರಕ್ತದಲ್ಲಿ ಏರುತ್ತದೆ. ಸಿಗರೇಟು ಬಿಟ್ಟ ವಿಷಯವನ್ನು ವೈದ್ಯರಿಗೆ ತಪ್ಪದೆ ಹೇಳಿ, ಅವರು ಪ್ರಮಾಣ ಸರಿಮಾಡುತ್ತಾರೆ. ಇನ್ಸುಲಿನ್ ಚುಚ್ಚಿಕೊಳ್ಳುವವರೂ ಸಕ್ಕರೆಯನ್ನು ಹೆಚ್ಚು ಸಲ ನೋಡಿಸಿಕೊಳ್ಳಬೇಕು.

ನಿಮ್ಮ ಪಟ್ಟಿ ನೀವೇ ಬರೆಯಿರಿ

ಕಣದ ಲೆಕ್ಕ ಬರೆಯುವ ಹಳೆಯ ನೋಟ್‌ಬುಕ್ ಸಾಕು. ಒಂದು ವಾರ, ಚಪಲ ಬಂದಾಗಲೆಲ್ಲ ನಾಲ್ಕು ವಿಷಯ ಗುರುತು ಹಾಕಿ: ಗಂಟೆ ಎಷ್ಟು, ಎಲ್ಲಿದ್ದೆ, ಪಕ್ಕದಲ್ಲಿ ಯಾರಿದ್ದರು, ಮನಸ್ಸು ಹೇಗಿತ್ತು. ಮೊಬೈಲಿನಲ್ಲಿ ಬರೆದರೂ ನಡೆಯುತ್ತದೆ, ಆದರೆ ಮೊಬೈಲು ತೆಗೆದರೆ ಬೇರೆ ಕಡೆ ಹೋಗಿಬಿಡುತ್ತೇವೆ. ವಾರದ ಕೊನೆಗೆ ನೋಡಿದರೆ ದಿನವಿಡೀ ಕಾಡುತ್ತಿದೆ ಅಂದುಕೊಂಡಿದ್ದ ಚಪಲ ನಾಲ್ಕೈದು ಜಾಗದಲ್ಲಿ, ನಾಲ್ಕೈದು ಹೊತ್ತಿನಲ್ಲಿ ಮಾತ್ರ ಬರುತ್ತಿದೆ ಎಂದು ಗೊತ್ತಾಗುತ್ತದೆ.

ನಮ್ಮ ಕಡೆಯ ಪಟ್ಟಿಗಳಲ್ಲಿ ಮತ್ತೆ ಮತ್ತೆ ಕಾಣುವ ಕೆಲವನ್ನು ಹೇಳುತ್ತೇನೆ. ನಿಮ್ಮದಕ್ಕೆ ಹೊಂದುವುದನ್ನು ತೆಗೆದುಕೊಳ್ಳಿ.

ಗೂಡಂಗಡಿ. ಪ್ಯಾಕು ಕೊಳ್ಳುವ ಉದ್ದೇಶ ಯಾರಿಗೂ ಇರುವುದಿಲ್ಲ. ‘ಒಂದೇ ಒಂದು’ ಬಿಡಿಯಾಗಿ ಸಿಗುತ್ತದೆ, ಪಕ್ಕದಲ್ಲೇ ಲೈಟರನ್ನು ದಾರಕ್ಕೆ ಕಟ್ಟಿ ನೇತುಹಾಕಿರುತ್ತಾರೆ, ಚಿಲ್ಲರೆಯ ಬದಲು ಚಾಕೊಲೇಟೂ ಸಿಗುತ್ತದೆ. ಆ ಅಂಗಡಿಯಲ್ಲಿ ಲೆಕ್ಕ ಬರೆಸುವ ಪದ್ಧತಿ ಇದ್ದರೆ ಬಾಕಿ ಪೂರ್ತಿ ತೀರಿಸಿ, ಖಾತೆ ಮುಗಿಸಿ. ಅಂಗಡಿಯವರಿಗೇ ಹೇಳಿ: ‘ಅಣ್ಣ, ಬಿಟ್ಟಿದ್ದೀನಿ, ಕೇಳಿದ್ರೂ ಕೊಡಬೇಡಿ.’ ಕೊಡುವುದು ಬಿಡುವುದು ಅವರ ವ್ಯಾಪಾರ. ಆದರೆ ಒಮ್ಮೆ ಹಾಗೆ ಹೇಳಿದ ಮೇಲೆ ಅವರ ಮುಂದೆ ಹೋಗಿ ಕೇಳಲು ನಾಲಿಗೆ ಏಳುವುದಿಲ್ಲ.

ಘಾಟಿ ರಸ್ತೆ. ಶಿರಾಡಿಯಲ್ಲಿ ವಾಹನ ನಿಂತರೆ ಗಂಟೆಗಟ್ಟಲೆ ನಿಲ್ಲುತ್ತದೆ, ಮಳೆಗಾಲದಲ್ಲಿ ದೋಣಿಗಲ್ ಹತ್ತಿರ ಗುಡ್ಡ ಜಾರಿದರಂತೂ ಕೇಳುವುದೇ ಬೇಡ. ಡ್ರೈವರುಗಳಿಗೆ ಬೇಜಾರೂ ನಿದ್ದೆಯೂ ಒಟ್ಟಿಗೆ ಬರುವ ಹೊತ್ತು ಅದು. ಡ್ಯಾಶ್‌ಬೋರ್ಡಿನಲ್ಲಿ ಬೆಂಕಿಪೊಟ್ಟಣವನ್ನೇ ಇಡಬೇಡಿ. ಅದರ ಜಾಗದಲ್ಲಿ ಹುರಿಗಡಲೆ, ಲವಂಗ, ನೀರಿನ ಬಾಟಲಿ ಇಡಿ. ಕ್ಯಾಬಿನ್ ಒಳಗಿನ ಹಳೆಯ ಹೊಗೆ ವಾಸನೆಯೇ ಚಪಲ ಎಬ್ಬಿಸುತ್ತದೆ. ಸೀಟಿನ ಬಟ್ಟೆ ಒಗೆಸಿ, ಬೂದಿ ಡಬ್ಬ ಎಸೆಯಿರಿ. ಚಾರ್ಮಾಡಿ ಕಡೆಯಿಂದ ಬರುವವರು ಕೊಟ್ಟಿಗೆಹಾರದಲ್ಲಿ ನಿಲ್ಲಿಸುವ ರೂಢಿ ಇದ್ದರೆ ನೀರುದೋಸೆ ತಿನ್ನಿ, ತಿಂದ ತಕ್ಷಣ ಗಾಡಿ ಹತ್ತಿ.

ಆನೆ ಕಾವಲು. ಆಲೂರು, ಸಕಲೇಶಪುರ, ಬೇಲೂರು ಸುತ್ತ ರಾತ್ರಿ ಗದ್ದೆ ತೋಟ ಕಾಯುವವರಿಗೆ ಬೀಡಿ ನಿದ್ದೆ ತಡೆಯುವ ಔಷಧ, ಚಳಿಗೆ ಕಾವು, ಭಯಕ್ಕೆ ಜೊತೆ. ಮೂರನ್ನೂ ಒಂದರಿಂದ ತುಂಬಿಸಲು ಆಗುವುದಿಲ್ಲ. ಕಂಬಳಿ, ಫ್ಲಾಸ್ಕಿನಲ್ಲಿ ಶುಂಠಿ ಕಷಾಯ, ಸೇದದ ಒಬ್ಬ ಜೊತೆಗಾರ, ಸರದಿಯಲ್ಲಿ ಮಲಗುವ ಏರ್ಪಾಡು, ಇಷ್ಟನ್ನು ಹೊಂದಿಸಿಕೊಳ್ಳಿ. ಅಂದಹಾಗೆ, ಬೀಡಿ ಎಲೆಯಲ್ಲಿ ಸುತ್ತಿದ್ದು, ಸಿಗರೇಟಿನಷ್ಟು ಕೆಟ್ಟದ್ದಲ್ಲ ಎಂಬ ಮಾತನ್ನು ನಂಬಬೇಡಿ. ಬೀಡಿ ಆರದಂತೆ ಇರಬೇಕಾದರೆ ಜೋರಾಗಿ, ಪದೇ ಪದೇ ಎಳೆಯಬೇಕು. ಟಾರೂ ಇಂಗಾಲದ ಮಾನಾಕ್ಸೈಡೂ ಕಡಿಮೆ ಏನಲ್ಲ.

ಇಂಬಳ. ಮಳೆಗಾಲದಲ್ಲಿ ಕಾಲಿಗೆ ಹತ್ತಿದ ಇಂಬಳ ಬಿಡಿಸಲು ಬೀಡಿ ಕೆಂಡ ಬೇಕು ಎಂದು ಜೇಬಿನಲ್ಲಿ ಕಟ್ಟು ಇಟ್ಟುಕೊಳ್ಳುವವರಿದ್ದಾರೆ. ಉಪ್ಪಿನ ಗಂಟು ಸಾಕು.

ಹೊಗೆಸೊಪ್ಪಿನ ಕೆಲಸ. ಅರಕಲಗೂಡು, ರಾಮನಾಥಪುರದ ಕಡೆಯವರ ಕಷ್ಟವೇ ಬೇರೆ. ಬೆಳೆಯೇ ತಂಬಾಕಾದಾಗ ಅದರಿಂದ ದೂರವಿರಿ ಎಂದು ಹೇಳಿದರೆ ನಗುತ್ತಾರೆ. ಇಲ್ಲಿ ತಿಳಿದಿರಬೇಕಾದ ವಿಷಯ ಒಂದಿದೆ. ಮಳೆಗೋ ಇಬ್ಬನಿಗೋ ನೆನೆದ ಹಸಿ ಎಲೆ ಮುರಿಯುವಾಗ ನಿಕೋಟಿನ್ ಚರ್ಮದ ಮೂಲಕವೇ ಮೈ ಸೇರುತ್ತದೆ. ಎಲೆ ಮುರಿದ ದಿನ ತಲೆಸುತ್ತು, ವಾಕರಿಕೆ ಬರುವುದು ಅದರಿಂದಲೇ. ಬಿಟ್ಟವರ ಮೈಗೆ ಹೀಗೆ ನಿಕೋಟಿನ್ ಸೇರುತ್ತಿದ್ದರೆ ಬಿಟ್ಟದ್ದು ಬಿಟ್ಟಂತಾಗುವುದಿಲ್ಲ. ಕೈಗವಸು, ತುಂಬುತೋಳಿನ ಅಂಗಿ, ಮೈ ಒದ್ದೆಯಾದರೆ ಕೂಡಲೇ ಬಟ್ಟೆ ಬದಲಾವಣೆ, ಕೆಲಸ ಮುಗಿದೊಡನೆ ಸೋಪು ಹಚ್ಚಿ ಸ್ನಾನ, ಇವಿಷ್ಟು ಬೇಕೇ ಬೇಕು. ಎಲೆ ಹದಮಾಡುವ ಬ್ಯಾರನ್ನಿಗೆ ಬೆಂಕಿ ಹಾಕುತ್ತಾ ರಾತ್ರಿ ಕೂರುವ ಕೆಲಸವನ್ನು ಬಿಟ್ಟ ಮೊದಲ ಹಂಗಾಮಿನಲ್ಲಿ ಮನೆಯ ಬೇರೆಯವರಿಗೆ ವಹಿಸಲು ಆದರೆ ವಹಿಸಿ.

ಪಟ್ಟಿ ಆದ ಮೇಲೆ ಪ್ರತಿಯೊಂದರ ಮುಂದೆ ಮೂರರಲ್ಲಿ ಒಂದು ಗುರುತು ಹಾಕಿ: ಸದ್ಯಕ್ಕೆ ಹೋಗುವುದಿಲ್ಲ, ಬದಲಿಸುತ್ತೇನೆ, ಎದುರಿಸುತ್ತೇನೆ. ಮೊದಲ ತಿಂಗಳು ‘ಹೋಗುವುದಿಲ್ಲ’ ಜಾಸ್ತಿ ಇರಲಿ, ನಾಚಿಕೆ ಬೇಡ. ಆದರೆ ಅದು ಹಾಗೇ ಉಳಿಯಬಾರದು. ವರ್ಷಗಟ್ಟಲೆ ಗೆಳೆಯರ ಮುಖ ನೋಡದೆ, ಮದುವೆ ಮುಂಜಿಗೆ ಹೋಗದೆ ಬದುಕಲು ಆಗುವುದಿಲ್ಲ. ಒಂದು ಜಾಗಕ್ಕೆ ನಾಲ್ಕೈದು ಸಲ ಹೋಗಿ ಸೇದದೆ ವಾಪಸು ಬಂದರೆ ಆ ಜಾಗಕ್ಕೂ ಸಿಗರೇಟಿಗೂ ಇದ್ದ ನಂಟು ಸಡಿಲವಾಗುತ್ತದೆ. ಮನೆಯಲ್ಲಿ ಕೂತು ಹೆದರುತ್ತಿದ್ದರೆ ಆ ನಂಟು ಹಾಗೇ ಉಳಿಯುತ್ತದೆ.

ಆ ಕೆಲವು ನಿಮಿಷ

ಪುಸ್ತಕದ ಸಲಹೆ: ದೀರ್ಘವಾಗಿ ಉಸಿರಾಡಿ, ನೀರು ಕುಡಿಯಿರಿ, ಗಮನ ಬೇರೆಡೆ ಹರಿಸಿ, ತಡಮಾಡಿ. ನಾಲ್ಕೂ ಸರಿಯೇ. ಆದರೆ ಚಪಲ ಬಂದಾಗ ನಾಲ್ಕರಲ್ಲಿ ಯಾವುದು ಅಂತ ಯೋಚಿಸುವಷ್ಟು ವ್ಯವಧಾನ ಇರುವುದಿಲ್ಲ. ಮೊದಲೇ ಒಂದನ್ನು ನಿಗದಿ ಮಾಡಿಕೊಳ್ಳಿ.

ನನ್ನ ಮಟ್ಟಿಗೆ ಹೆಚ್ಚು ಕೆಲಸ ಮಾಡುವುದು ಜಾಗ ಬದಲಿಸುವುದು. ಚಪಲ ಬಂದ ಜಾಗದಿಂದ ಎದ್ದು ಎರಡು ಫರ್ಲಾಂಗು ನಡೆದುಬಿಡಿ. ವಾಪಸು ಬರುವಷ್ಟರಲ್ಲಿ ಅದರ ಜೋರು ಇಳಿದಿರುತ್ತದೆ. ಎದ್ದು ಹೋಗಲಾಗದ ಕಡೆ, ಬಸ್ಸಿನಲ್ಲೋ ಮೀಟಿಂಗಿನಲ್ಲೋ ಇದ್ದರೆ, ಇನ್ನೊಂದು ದಾರಿ ಇದೆ. ಚಟಗಳ ಬಗ್ಗೆ ಬಹಳ ಕೆಲಸ ಮಾಡಿದ ಅಮೆರಿಕದ ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಾಟ್ ಕಲಿಸುತ್ತಿದ್ದದ್ದು ಅದು. ಚಪಲದ ಜೊತೆ ಗುದ್ದಾಡಬೇಡಿ, ಅದು ಮೈಯಲ್ಲಿ ಎಲ್ಲಿದೆ ಅಂತ ನೋಡಿ. ಗಂಟಲಲ್ಲೋ, ಎದೆಯಲ್ಲೋ, ಬೆರಳ ತುದಿಯಲ್ಲೋ. ಏರುತ್ತಿದೆಯೇ, ನಿಂತಿದೆಯೇ, ಇಳಿಯುತ್ತಿದೆಯೇ ಎಂದು ಉಸಿರಾಡುತ್ತಾ ಗಮನಿಸುತ್ತಾ ಕೂರಿ. ಕೇಳಲು ವಿಚಿತ್ರ ಅನ್ನಿಸುತ್ತದೆ. ಆದರೆ ಅದು ತಾನಾಗಿ ಏರಿ ತಾನಾಗಿ ಇಳಿಯುವುದನ್ನು ಒಮ್ಮೆ ಕಣ್ಣಾರೆ ಕಂಡರೆ ಮುಂದಿನ ಸಲದ ಹೆದರಿಕೆ ಕಡಿಮೆಯಾಗುತ್ತದೆ.

ಬಾಯಿಗೆ ಏನಾದರೂ ಬೇಕೇ ಬೇಕು ಅನ್ನುವವರು ಏಲಕ್ಕಿ, ಸೋಂಪು, ಹುರಿಗಡಲೆ, ನೆಲ್ಲಿಕಾಯಿ ಚೂರು ಇಟ್ಟುಕೊಳ್ಳಿ. ಅಡಿಕೆ ಮಾತ್ರ ಬೇಡ. ‘ನಮ್ಮ ತೋಟದ್ದೇ, ತಂಬಾಕು ಹಾಕಿಲ್ಲ’ ಎಂದು ಎಲೆಅಡಿಕೆಗೆ ಇಳಿದವರನ್ನು ಬಹಳ ನೋಡಿದ್ದೇನೆ. ತಂಬಾಕು ಇಲ್ಲದ ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಹೇಳಿದೆ. ಅಡಿಕೆ ಬೆಳೆಗಾರರಿಗೆ ಕೇಳಲು ಹಿತವಾದ ಮಾತಲ್ಲ, ಆದರೂ ಬಾಯಿ ನಿಮ್ಮದು. ಇ-ಸಿಗರೇಟನ್ನಂತೂ ನಮ್ಮ ದೇಶದಲ್ಲಿ 2019ರಿಂದ ನಿಷೇಧಿಸಲಾಗಿದೆ.

ಸಿಹಿ ತಿಂದು ತೂಕ ಏರೀತೆಂಬ ಚಿಂತೆ ಹಲವರಿಗೆ. ಬಿಟ್ಟ ವರ್ಷದಲ್ಲಿ ಸರಾಸರಿ 4ರಿಂದ 5 ಕೆಜಿ ಏರುವುದು ನಿಜ. ಅದನ್ನು ಆಮೇಲೆ ನಡೆದು ಇಳಿಸಬಹುದು. ಬಿಟ್ಟ ತಿಂಗಳಲ್ಲೇ ಪಥ್ಯ ಹಿಡಿಯಬೇಡಿ. ಹಸಿವಿಗೂ ಚಪಲಕ್ಕೂ ವ್ಯತ್ಯಾಸ ತಿಳಿಯದೆ ಒದ್ದಾಡುತ್ತೀರಿ.

ಜನರ ಮಧ್ಯೆ

ಒತ್ತಾಯ ಮಾಡುವವರು ನಮ್ಮವರೇ. ಬೀಗರ ಔತಣದಲ್ಲಿ ಊಟ ಮುಗಿದ ಮೇಲೆ ಶಾಮಿಯಾನದ ಹಿಂದೆ ಒಂದು ಗುಂಪು ಸೇರುತ್ತದೆ.

‘ಬಾ ಭಾವ, ಒಂದು ಸುಟ್ಟು ಬರಾಣ.’

‘ಇಲ್ಲ ಕಣಪ್ಪ, ಬಿಟ್ಟಿದ್ದೀನಿ.’

‘ಇವತ್ತೊಂದಿನ ಏನಾಗಲ್ಲ ಬಾ. ಮಗನ ಮದುವೆ ದಿನವೂ ಹಿಂಗಾಡ್ತೀಯಲ್ಲ.’

‘ನೀ ಹೋಗಿ ಬಾ. ನಾನು ಎಲೆ ಎತ್ತೋರ ಕಡೆ ನೋಡ್ತೀನಿ.’

ಇಲ್ಲಿ ಎರಡು ವಿಷಯ ಗಮನಿಸಿ. ‘ಬಿಡ್ತಾ ಇದ್ದೀನಿ’ ಅಂದರೆ ಎದುರಿನವರು ಚೌಕಾಸಿಗೆ ಇಳಿಯುತ್ತಾರೆ, ‘ಬಿಟ್ಟಿದ್ದೀನಿ’ ಅಂದರೆ ಅಷ್ಟಾಗಿ ಇಳಿಯುವುದಿಲ್ಲ. ಹೇಳಿದ ಮೇಲೆ ಅಲ್ಲೇ ನಿಲ್ಲದೆ ಒಂದು ಕೆಲಸ ಹಿಡಿದು ಹೊರಟುಬಿಡಬೇಕು. ಆರೋಗ್ಯ, ಕ್ಯಾನ್ಸರ್ ಅಂತ ಭಾಷಣ ಶುರು ಮಾಡಿದರೆ ಅವರೂ ವಾದಕ್ಕೆ ನಿಲ್ಲುತ್ತಾರೆ, ‘ನಮ್ಮ ತಾತ ತೊಂಬತ್ತು ವರ್ಷ ಬೀಡಿ ಸೇದಿದ್ರು’ ಎಂಬ ಕಥೆ ಬರುತ್ತದೆ, ಕಥೆ ಮುಗಿಯುವಷ್ಟರಲ್ಲಿ ಕೈಗೆ ಒಂದು ಬಂದಿರುತ್ತದೆ.

ಎಣ್ಣೆ ಇರುವ ಕಡೆ ನನ್ನ ಮಾತು ಗಟ್ಟಿ: ಮೊದಲ ಮೂರು ತಿಂಗಳು ಕುಡಿಯಬೇಡಿ. ಎರಡು ಪೆಗ್ಗಿನ ಮೇಲೆ ಪಟ್ಟಿ, ನೋಟ್‌ಬುಕ್ಕು, ಈ ಲೇಖನ ಯಾವುದೂ ನೆನಪಿಗೆ ಬರುವುದಿಲ್ಲ. ಬಿಟ್ಟವರು ಮತ್ತೆ ಸೇದುವ ಸಂದರ್ಭಗಳಲ್ಲಿ ಮದ್ಯ ಮುಂಚೂಣಿಯಲ್ಲಿದೆ.

ಯುಗಾದಿಯ ಇಸ್ಪೀಟು, ಮಾರನೆಯ ದಿನದ ಹೊಸತೊಡಕಿನ ಬಾಡೂಟ ಎರಡಕ್ಕೂ ಮೊದಲೇ ತಯಾರಿ ಬೇಕು. ಎಲೆ ಹಿಡಿದು ಆರು ಗಂಟೆ ಒಂದೇ ಕಡೆ ಕೂರುವ ಆಟ, ಸೋತರೆ ಒಂದು, ಗೆದ್ದರೆ ಒಂದು. ಮೊದಲ ಯುಗಾದಿಗೆ ಎಲೆ ಮುಟ್ಟದಿರುವುದೇ ವಾಸಿ. ಆಡಲೇಬೇಕೆಂದರೆ ಸೇದದವರ ಗುಂಪಿನಲ್ಲಿ ಕೂರಿ.

ಮನೆಯವರಿಗೂ ಒಂದು ಮಾತು. ಅಂಗಿ ಮೂಸಿ ನೋಡುವುದು, ಜೇಬು ತಡಕುವುದು, ‘ನೋಡೋಣ ಎಷ್ಟು ದಿನ ಅಂತ’ ಎಂದು ಹಂಗಿಸುವುದು ಬೇಡ. ಸಿಡುಕಿದಾಗ ಎರಡು ವಾರ ತಡೆದುಕೊಳ್ಳಿ. ಬಿಟ್ಟವರೂ ಮೊದಲೇ ಹೇಳಿಬಿಡಬೇಕು: ‘ಈ ಹದಿನೈದು ದಿನ ನಾನು ರೇಗಿದ್ರೆ ಮನಸ್ಸಿಗೆ ಹಚ್ಕೋಬೇಡ ಕಣೇ.’

ಒಂದು ಸೇದಿಬಿಟ್ಟರೆ

ಭಯಪಡುವುದು ಇದಕ್ಕೇ ಅಲ್ಲವೇ. ಹಾಗಾಗಿ ಇದನ್ನು ಮುಚ್ಚಿಡದೆ ಮಾತಾಡಬೇಕು.

ಒಂದು ಸೇದುವುದು ಬೇರೆ, ಮತ್ತೆ ಸೇದುವವರಾಗುವುದು ಬೇರೆ. ಎರಡರ ನಡುವೆ ಕೆಲವು ಗಂಟೆ, ಕೆಲವು ದಿನ ಇರುತ್ತದೆ. ಮೊದಲನೆಯದರಿಂದ ಎರಡನೆಯದಕ್ಕೆ ಜನರನ್ನು ತಳ್ಳುವುದು ಅನೇಕ ಸಲ ನಿಕೋಟಿನ್‌ಗಿಂತ ಹೆಚ್ಚಾಗಿ ಅವಮಾನ ಎಂಬುದನ್ನು ಮಾರ್ಲಾಟ್ ವಿವರವಾಗಿ ತೋರಿಸಿದರು. ‘ವ್ರತ ಕೆಟ್ಟಿತು, ಇನ್ನೇನು, ಸುಖವಾಗಿ ಸೇದೋಣ’ ಎಂಬ ಯೋಚನೆ ಅದು. ನಮ್ಮಲ್ಲಿ ಇದು ಇನ್ನೂ ಜೋರು, ಏಕೆಂದರೆ ನಾವು ಬಿಡುವುದೇ ಧರ್ಮಸ್ಥಳದಲ್ಲಿ ಆಣೆ ಇಟ್ಟು, ಮಗಳ ತಲೆ ಮುಟ್ಟಿ, ಅಯ್ಯಪ್ಪನ ಮಾಲೆ ಹಾಕಿಕೊಂಡು. ಆಣೆಗೆ ಬಲವಿದೆ, ಇಲ್ಲವೆನ್ನುವುದಿಲ್ಲ. ಆದರೆ ಆಣೆ ಮುರಿದ ದಿನ ಮನುಷ್ಯನಿಗೆ ವಾಪಸು ಬರಲು ದಾರಿಯೇ ಕಾಣುವುದಿಲ್ಲ. ಹಾಗಾಗಿ ಆಣೆ ಇಡುವವರು ಅದರ ಜೊತೆಗೇ ಒಂದು ಕಾಗದದಲ್ಲಿ ‘ಸೇದಿಬಿಟ್ಟರೆ ಮಾಡಬೇಕಾದದ್ದು’ ಎಂದು ಬರೆದಿಟ್ಟುಕೊಳ್ಳಿ.

ಆ ಕಾಗದದಲ್ಲಿ ಇರಬೇಕಾದದ್ದು: ಉರಿಯುತ್ತಿರುವುದನ್ನು ಅಲ್ಲೇ ಆರಿಸು, ಮುಗಿಸಬೇಕೆಂದಿಲ್ಲ. ಪ್ಯಾಕಿನಲ್ಲಿ ಉಳಿದಿದ್ದರೆ ನೀರಿಗೆ ಹಾಕು, ಬೇರೆಯವರಿಗೆ ಕೊಡಬೇಡ, ನಾಳೆ ಅವರ ಹತ್ತಿರವೇ ಕೇಳುತ್ತೀಯ. ಆ ಜಾಗ ಬಿಟ್ಟು ಹೊರಡು. ಒಬ್ಬರಿಗೆ ಫೋನು ಮಾಡಿ ‘ಒಂದು ಸೇದಿದೆ’ ಎಂದು ಹೇಳು. ಆ ಒಬ್ಬರು ಯಾರು ಎಂದು ಈಗಲೇ ಹೆಸರು ಬರೆದಿಡಿ. ಬೈಯದೆ ಕೇಳುವವರಾಗಿರಬೇಕು, ಆದ್ದರಿಂದ ಅಪ್ಪ, ಅಣ್ಣಂದಿರಿಗಿಂತ ಗೆಳೆಯನೇ ಮೇಲು.

ಸಂಜೆ ನೋಟ್‌ಬುಕ್ ತೆಗೆದು ನಾಲ್ಕು ಗುರುತು ಹಾಕಿ, ಎಂದಿನಂತೆ. ಗಂಟೆ, ಜಾಗ, ಜನ, ಮನಸ್ಸು. ಪಟ್ಟಿಯಲ್ಲಿ ಇಲ್ಲದ ಯಾವುದೋ ಒಂದು ಅಲ್ಲಿ ಸಿಕ್ಕೇ ಸಿಗುತ್ತದೆ. ದಿನದ ಎಣಿಕೆಯನ್ನು ಸೊನ್ನೆಯಿಂದ ಶುರು ಮಾಡಬೇಕೇ ಎಂದು ಕೇಳುತ್ತಾರೆ. ಬೇಡ. ಎಪ್ಪತ್ತು ದಿನ ಸೇದದೆ ಇದ್ದದ್ದು ಸುಳ್ಳಾಗುವುದಿಲ್ಲ. ‘ಎಪ್ಪತ್ತು ದಿನದಲ್ಲಿ ಒಂದು’ ಎಂದು ಬರೆದುಕೊಳ್ಳಿ. ಆದರೆ ಇದನ್ನೇ ಹಿಡಿದುಕೊಂಡು ತಿಂಗಳಿಗೊಂದು ತಪ್ಪಿಲ್ಲ ಎಂದು ಲೆಕ್ಕ ಹಾಕಿದರೆ, ಬಾಗಿಲಲ್ಲಿ ಹಸು ನಿಂತಿದೆ ಎಂದೇ ಅರ್ಥ.

ಭಯದ ಜೊತೆ

ಬಿಟ್ಟು ಕೆಲವು ವಾರಗಳಾದ ಮೇಲೆ ಕನಸು ಬೀಳುತ್ತದೆ. ಕನಸಿನಲ್ಲಿ ಆರಾಮಾಗಿ ಸೇದುತ್ತಿರುತ್ತೀರಿ, ಎಚ್ಚರವಾದಾಗ ಬಾಯಲ್ಲಿ ಹೊಗೆಯ ರುಚಿ ಇದ್ದಂತೆ ಭಾಸ, ಎದೆ ಹೊಡೆದುಕೊಳ್ಳುತ್ತದೆ. ಇದು ತುಂಬ ಜನರಿಗೆ ಆಗುತ್ತದೆ, ತಿಂಗಳುಗಳ ನಂತರವೂ ಆಗಬಹುದು. ಕೆಟ್ಟ ಶಕುನವೇನಲ್ಲ. ಎದ್ದು ಮುಖ ತೊಳೆದು ಮಲಗಿ.

ಇನ್ನೊಂದು ಭಯ ಋತುವಿನದು. ಬಿಟ್ಟದ್ದು ಬೇಸಿಗೆಯಲ್ಲಾದರೆ ಜೂನಿನ ಮೊದಲ ಜಡಿಮಳೆಗೆ ಚಪಲ ಹೊಸದಾಗಿ ಎದ್ದು ನಿಲ್ಲುತ್ತದೆ. ಆಮೇಲೆ ಗಣಪತಿ ಕೂರಿಸುವ ಹುಡುಗರ ರಾತ್ರಿಗಳು, ಹಾಸನಾಂಬೆ ಬಾಗಿಲು ತೆರೆದಾಗ ಗಂಟೆಗಟ್ಟಲೆ ಸಾಲಿನಲ್ಲಿ ನಿಂತು ಹೊರಬಂದ ಗಳಿಗೆ, ಡಿಸೆಂಬರಿನ ಚಳಿಯಲ್ಲಿ ಕುಯ್ಲಿನ ತೂಕದ ಹೊತ್ತು, ಮಾರ್ಚಿನಲ್ಲಿ ಕಾಫಿ ಗಿಡ ಹೂ ಬಿಡಲು ಬೇಕಾದ ಹೂಮಳೆ ಬರಲಿಲ್ಲವೆಂದು ಆಕಾಶ ನೋಡುವ ಸಂಕಟ. ಪ್ರತಿಯೊಂದೂ ಮೊದಲ ಸಲ ಬಂದಾಗ ಎಲ್ಲ ಮತ್ತೆ ಶುರುವಾಯಿತೇನೋ ಅನ್ನಿಸುತ್ತದೆ. ಆ ಋತು ನಿಮ್ಮನ್ನು ಸಿಗರೇಟಿಲ್ಲದೆ ನೋಡುತ್ತಿರುವುದು ಅದೇ ಮೊದಲು, ಅಷ್ಟೇ. ಎರಡನೇ ವರ್ಷದ ಮಳೆಗೆ ಇಷ್ಟು ಜೋರಿರುವುದಿಲ್ಲ. ಕ್ಯಾಲೆಂಡರಿನಲ್ಲಿ ಈ ದಿನಗಳಿಗೆ ಮುಂಚೆಯೇ ಗುರುತು ಹಾಕಿಟ್ಟುಕೊಂಡರೆ ಅವು ಹಿಂದಿನಿಂದ ಬಂದು ಹಿಡಿಯುವುದಿಲ್ಲ.

ಕಾಫಿ ಬೆಲೆ ಬಿದ್ದಾಗ, ಮನೆಯಲ್ಲಿ ಸಾವಾದಾಗ ಬರುವ ಚಪಲಕ್ಕೆ ಏಲಕ್ಕಿ, ನಡಿಗೆ ಸಾಲುವುದಿಲ್ಲ. ಅಂಥ ಹೊತ್ತಿನಲ್ಲಿ ಒಬ್ಬರೇ ಇರಬೇಡಿ. ಎರಡು ವಾರ ಕಳೆದರೂ ಮನಸ್ಸು ಮೇಲೇಳದಿದ್ದರೆ, ಊಟ ನಿದ್ದೆ ಬೇಡವಾದರೆ, ಸಿಗರೇಟಿನ ಮಾತು ಪಕ್ಕಕ್ಕಿಟ್ಟು ವೈದ್ಯರನ್ನು ಕಾಣಿ.

ಔಷಧಿ, ಫೋನು

ಮನೋಬಲದಿಂದಲೇ ಬಿಡಬೇಕು, ಔಷಧಿ ತೆಗೆದುಕೊಂಡರೆ ಗಂಡಸ್ತನಕ್ಕೆ ಕಡಿಮೆ ಎಂಬ ಹುಂಬತನ ನಮ್ಮಲ್ಲಿ ಬಹಳ. ನಿಕೋಟಿನ್ ಗಮ್ 2 ಮತ್ತು 4 ಮಿಲಿಗ್ರಾಂ ಅಳತೆಯಲ್ಲಿ ಸಿಗುತ್ತದೆ. ನಿಮಗೆ ಯಾವುದು, ದಿನಕ್ಕೆಷ್ಟು ಎಂದು ವೈದ್ಯರನ್ನು ಕೇಳಿ. ಇದನ್ನು ಚ್ಯೂಯಿಂಗ್ ಗಮ್ಮಿನ ಹಾಗೆ ಸತತವಾಗಿ ಜಗಿಯಬಾರದು. ನಿಧಾನವಾಗಿ ಜಗಿದು, ಮೆಣಸಿನಂಥ ಚುರುಗುಟ್ಟುವಿಕೆ ಶುರುವಾದಾಗ ಕೆನ್ನೆ ಮತ್ತು ಒಸಡಿನ ನಡುವೆ ಇಟ್ಟುಕೊಳ್ಳಬೇಕು, ಚುರುಚುರು ನಿಂತ ಮೇಲೆ ಮತ್ತೆ ಜಗಿಯಬೇಕು, ಹೀಗೆ ಸುಮಾರು ಅರ್ಧ ಗಂಟೆ. ಇಲ್ಲೂ ಕಾಫಿ ಅಡ್ಡ ಬರುತ್ತದೆ. ಕಾಫಿಯ ಆಮ್ಲ ಬಾಯಲ್ಲಿದ್ದರೆ ನಿಕೋಟಿನ್ ಹೀರಿಕೊಳ್ಳುವುದು ಕಡಿಮೆಯಾಗುತ್ತದೆ, ಆದ್ದರಿಂದ ಗಮ್‌ಗೆ 15 ನಿಮಿಷ ಮುಂಚೆ ಮತ್ತು ಗಮ್ ಬಾಯಲ್ಲಿರುವಾಗ ಕಾಫಿ ಬೇಡ. ‘ಗಮ್ ತಿಂದೆ, ಏನೂ ಪ್ರಯೋಜನವಾಗಲಿಲ್ಲ’ ಎನ್ನುವವರನ್ನು ಮೊದಲು ಇದನ್ನೇ ಕೇಳಬೇಕು. ವರೆನಿಕ್ಲಿನ್, ಬುಪ್ರೊಪಿಯಾನ್ ಎಂಬ ಮಾತ್ರೆಗಳೂ ಇವೆ, ವೈದ್ಯರ ಚೀಟಿ ಇಲ್ಲದೆ ತೆಗೆದುಕೊಳ್ಳಬಾರದು. ಮೂರ್ಛೆ ರೋಗ ಇದ್ದವರಿಗೆ ಬುಪ್ರೊಪಿಯಾನ್ ಆಗುವುದಿಲ್ಲ.

ತಂಬಾಕು ಬಿಡಿಸುವ ರಾಷ್ಟ್ರೀಯ ಸಹಾಯವಾಣಿ 1800-11-2356, ಕರೆ ಉಚಿತ. 2018ರಿಂದ ಪ್ರತಿ ಸಿಗರೇಟು ಪ್ಯಾಕಿನ ಮೇಲೂ ಇದೇ ಸಂಖ್ಯೆ ಅಚ್ಚಾಗಿರುತ್ತದೆ, ಸೇದುವವರು ಓದುವುದಿಲ್ಲ ಅಷ್ಟೇ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಇದರ ಕೇಂದ್ರವಿದೆ, ಕನ್ನಡದಲ್ಲೇ ಮಾತಾಡಬಹುದು. ಬಿಡುವವರಿಗಷ್ಟೇ ಅಲ್ಲ, ಬಿಟ್ಟು ಜಾರುವ ಭಯದಲ್ಲಿರುವವರೂ ಕರೆ ಮಾಡಬಹುದು. ಒಮ್ಮೆ ನೋಂದಾಯಿಸಿಕೊಂಡರೆ ಅವರೇ ಮತ್ತೆ ಕರೆ ಮಾಡಿ ವಿಚಾರಿಸುತ್ತಾರೆ. ಘಾಟಿಯಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ, ಆದ್ದರಿಂದ ಮಾತಾಡುವ ಹೊತ್ತನ್ನು ಮೊದಲೇ ಅವರಿಗೆ ತಿಳಿಸಿ. ಬೆಳಗ್ಗೆ 8ರಿಂದ ರಾತ್ರಿ 8ರವರೆಗೆ ಇರುತ್ತಾರೆ, ಸೋಮವಾರ ರಜೆ. ಮನಸ್ಸು ತೀರಾ ಕುಸಿದ ಸೋಮವಾರಕ್ಕೆ, ಮತ್ತು ಯಾವ ದಿನದ ನಡುರಾತ್ರಿಗೂ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮನಸ್ ಸಂಖ್ಯೆ 14416 ಇದೆ.